ಅಗಸಿ ಸ್ಟಾಪಿನಲ್ಲಿ ಕಾಕಾನ ಕಾಂಪ್ಲೆಕ್ಸು

ನಮ್ಮ ಕಾಕಾ ರಿಟೈರಾಗಿ ಎಷ್ಟೋ ವರ್ಷಗಳಾದವು. ಆದರೆ ಇನ್ನೂ ಬಸ್ಸಿನಿಂದ ಇಳಿದಿಲ್ಲ!

ಗಾಬರಿಯಾಗಬೇಡಿ. ಅವರ ದೇಹ ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲೇ ಇದೆ. ಹೊತ್ತು ಹೊತ್ತಿಗೆ ರೊಟ್ಟಿ ತಿನ್ನುತ್ತದೆ, ಮಧ್ಯಾಹ್ನ ಒಂದು ನಿದ್ದೆ ಹೊಡೆಯುತ್ತದೆ. ಆತ್ಮ ಮಾತ್ರ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕೆಂಪು ಬಸ್ಸುಗಳಲ್ಲಿ ಇವತ್ತಿಗೂ ಟಿಕೆಟ್ ಹರಿಯುತ್ತಿದೆ. ಜೀವನವಿಡೀ ಕಂಡಕ್ಟರಾಗಿದ್ದವರು. ನೌಕರಿ ಬಿಟ್ಟರೂ ಪೀಪಿ ಬಿಟ್ಟಿಲ್ಲ. ಕರಿ ದಾರದಲ್ಲಿ ಪೋಣಿಸಿದ ಆ ಪೀಪಿ ಅಂಗಿಯ ಒಳಗೆ ಎದೆಗೆ ತಾಗಿಕೊಂಡೇ ಇರುತ್ತದೆ. ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಬಂದವರಿಗೆಲ್ಲ ಹೇಳುತ್ತಾಳೆ: "ನನ್ನ ಕೊರಳಾಗ ತಾಳಿ, ಅವರ ಕೊರಳಾಗ ಪೀಪಿ. ಇಬ್ಬರೂ ಬಿಚ್ಚೂ ಪೈಕಿ ಅಲ್ಲ!"

ಮನೆಯಲ್ಲಿ ಊಟದ ಪಂಕ್ತಿ ಕೂತರೆ ಸಾಕು, ಹಿಂದಿನಿಂದ ದನಿ ಬರುತ್ತದೆ. "ಮುಂದ ಸರೀರಿ, ಮುಂದ ಸರೀರಿ! ನಡಕ ಜಾಗಾ ಐತಿ!" ನಾವು ಎಲೆ ಸಮೇತ ಸರಿಯುತ್ತೇವೆ. ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕಲು ಸ್ಟೇಜಿನ ಮೇಲೆ ಜನ ಮುಗಿಬಿದ್ದಾಗ ಕಾಕಾಗೆ ತಡೆಯಲಾಗಲಿಲ್ಲ. ಪೀಪಿ ಹೊರತೆಗೆದು ಊದಿಯೇಬಿಟ್ಟರು. "ಹತ್ತೋರು ಹಿಂದಿಂದ ಹತ್ರಿ! ಇಳಿಯೋರು ಮುಂದಿಂದ ಇಳೀರಿ! ಲಗೂ ಲಗೂ!" ಅವತ್ತು ಇಡೀ ಸ್ಟೇಜು ಎಷ್ಟು ಬೇಗ ಖಾಲಿಯಾಯಿತೆಂದರೆ, ಗದ್ದಲದಲ್ಲಿ ಹೆದರಿ ಮದುಮಗನೂ ಇಳಿದುಬಿಟ್ಟಿದ್ದ. ಪಾಪ, ಅವನನ್ನು ಊಟದ ಸಾಲಿನಿಂದ ಹಿಡಿದು ತರಬೇಕಾಯಿತು.

ಇನ್ನೊಂದು ವಿಚಿತ್ರವಿದೆ. ಕಾಕಾ ಕೂರುವುದಿಲ್ಲ! ಮಲಗುತ್ತಾರೆ, ನಿಲ್ಲುತ್ತಾರೆ, ನಡುವಿನದ್ದು ಅವರಿಗೆ ಗೊತ್ತೇ ಇಲ್ಲ. ಊಟವೂ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಕೈಯಲ್ಲಿ ತಾಟು ಹಿಡಿದು, ಕಾಲು ಅಗಲಿಸಿ ನಿಂತೇ ಆಗಬೇಕು. ನಡುನಡುವೆ ತುಸು ತೂಗುತ್ತಾರೆ ಕೂಡ. ನಮ್ಮ ಅಡುಗೆಮನೆ ಯಾವ ತಿರುವಿನಲ್ಲಿ ಹೊರಳುತ್ತಿದೆಯೋ ಏನೋ! ಕಟಿಂಗ್ ಅಂಗಡಿಯಲ್ಲಿ ಮಾತ್ರ ಕೂರುತ್ತಾರಂತೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ.

ಇಂಥ ಕಾಕಾನ ಕೈಗೆ ನಾನು ಸಿಕ್ಕೆ. ಅಥವಾ ಇಂಥ ನನ್ನ ಕೈಗೆ ಕಾಕಾ ಸಿಕ್ಕರು ಅನ್ನುವುದೇ ನ್ಯಾಯ. ಯಾಕೆಂದರೆ ನಾನು ಹುಬ್ಬಳ್ಳಿಯಲ್ಲಿ ಓದಿ ಬಂದ ಹೊಚ್ಚ ಹೊಸ ಆರ್ಕಿಟೆಕ್ಟ್. ಅಲ್ಲಿಯವರೆಗಿನ ನನ್ನ ಏಕೈಕ ಮಹಾಕೃತಿ ನಮ್ಮ ಮನೆಯ ಹೊಸ ಸಂಡಾಸು. ಅದರ ಬಾಗಿಲು ಒಳಗೆ ತೆರೆಯುವಂತೆ ಮಾಡಿದ್ದೆ. ತೆರೆಯಿತು. ಮುಚ್ಚಬೇಕಾದರೆ ಮಾತ್ರ ಒಳಗೆ ಹೋದವರು ಕಮೋಡಿನ ಮೇಲೆ ಹತ್ತಿ ನಿಂತು, ಬಾಗಿಲಿಗೆ ಜಾಗ ಬಿಟ್ಟುಕೊಟ್ಟು, ಆಮೇಲೆ ಇಳಿಯಬೇಕಿತ್ತು. ಅಪ್ಪ ಮೊದಲ ಸಲ ಹೊರಬಂದವರೇ ಕೇಳಿದ್ದರು, "ಇವನಿಗೆ ಮನಿ ಕಟ್ಟಾಕ ಕಲಿಸ್ಯಾರೋ, ಸರ್ಕಸ್ ಕಲಿಸ್ಯಾರೋ?"

ಹೀಗಿರುವಾಗ ದೊಡ್ಡ ಕೆಲಸ ಬಂತು. ಹಳೇ ಊರಿನ ಅಗಸಿ, ಅಂದರೆ ಹಿಂದಿನವರು ಕಟ್ಟಿಸಿದ ಕಲ್ಲಿನ ಊರಬಾಗಿಲು, ಅದರ ಪಕ್ಕದಲ್ಲೇ ನಮ್ಮದೊಂದು ಜಾಗವಿದೆ. ಒಂದು ಬೇವಿನ ಮರ, ಹಿಂದೆ ಶೇಂಗಾ ತುಂಬುತ್ತಿದ್ದ ಒಂದು ತಗಡಿನ ಶೆಡ್ಡು, ಅಷ್ಟೇ. ಎದುರಿಗೇ ಬಸ್ಸುಗಳು ನಿಲ್ಲುತ್ತವೆ. ಜನ ಅದನ್ನು 'ಅಗಸಿ ಸ್ಟಾಪ್' ಅನ್ನುತ್ತಾರೆ. ಗುಡಿಗೆ ಬರುವ ಭಕ್ತರಿದ್ದಾರೆ, ಆಲಮಟ್ಟಿ ಡ್ಯಾಮು ನೋಡಿ ಬಂದು ರಾತ್ರಿ ತಂಗುವವರಿದ್ದಾರೆ. ಅಲ್ಲೊಂದು ಕಾಂಪ್ಲೆಕ್ಸ್ ಕಟ್ಟಬೇಕು: ಕೆಳಗೆ ಅಂಗಡಿ ಮತ್ತು ಆಫೀಸುಗಳು, ಮೇಲೆ ಹೋಟೆಲು, ಲಾಡ್ಜು. ಜಾಗ ಅಪ್ಪ ಮತ್ತು ಕಾಕಾ ಇಬ್ಬರ ಹೆಸರಿನಲ್ಲಿದೆ. ಇಬ್ಬರೂ ಸಹಿ ಹಾಕದೆ ಒಂದು ಇಟ್ಟಂಗಿಯೂ ಏಳುವಂತಿಲ್ಲ.

ನಾನು ಊಟ ನಿದ್ದೆ ಬಿಟ್ಟು ಡಿಸೈನ್ ಮಾಡಿದೆ. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಅದರಲ್ಲಿ ಸುರಿದೆ. ಪಶ್ಚಿಮದ ಕಡೆಗಿರುವ ಇಡೀ ಮುಖಕ್ಕೆ ನೀಲಿ ಗಾಜು! ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ಮಾಡಿ, ಮುಂದೆ ನಾಲ್ಕು ಈಚಲ ಮರ ನಿಲ್ಲಿಸಿ, ಕೋಟು ಹಾಕಿದ ಬಿಳಿ ಜನ ನಾಯಿ ಹಿಡಿದು ಓಡಾಡುವಂತೆ ಮಾಡಿದೆ. ಬಾಗೇವಾಡಿಯ ಸಂತೆಗೆ ಬಂದವರು ಅಂತ ಇಟ್ಟುಕೊಳ್ಳಿ.

ಕಾಕಾ ಕಂಬಕ್ಕೆ ಆತು ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದರು. ಮೊದಲು ಕೇಳಿದ್ದು, "ಪಡುವಣ ಬಿಸಲಿಗೆ ಗಾಜ? ಇದರಾಗ ಶೇಂಗಾ ಹುರೀತಿಯೇನು?"

ಆಮೇಲೆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲೋ ತಮ್ಮಾ, ಅಗಸಿ ಎಲ್ಲಿ?"

"ಅದು ಅಡ್ಡ ಬರ್ತಿತ್ರಿ ಕಾಕಾ. ಅದಕ್ಕ ತಗದೇನಿ."

ಕಾಕಾ ಕಣ್ಣಗಲಿಸಿದರು. "ಎಂಥೆಂಥಾ ದಂಡು ಬಂದು ಹೋದ್ರೂ ಈ ಅಗಸಿ ಬೀಳಲಿಲ್ಲ. ನೀ ಮೌಸಿನ್ಯಾಗ ಕೆಡವಿದೆಲ್ಲೋ ಮಗನ!"

ಅಲ್ಲಿಗೆ ಗಾಜು ಹೋಯಿತು, ಅಗಸಿ ಬಂತು. ನಂತರ ಕಾಕಾನ ಬೇಡಿಕೆಗಳು ಒಂದೊಂದಾಗಿ ಹತ್ತತೊಡಗಿದವು. ಕಟ್ಟಡಕ್ಕೆ ಎರಡೇ ಬಾಗಿಲು: ಹತ್ತಲು ಹಿಂದೊಂದು, ಇಳಿಯಲು ಮುಂದೊಂದು. ರೂಮಿನ ನಂಬರು ಬಾಗಿಲಿನ ಮೇಲಲ್ಲ, ಕಿಟಕಿಯ ಮೇಲೆ. ಪ್ರತಿ ಹಾಸಿಗೆಯೂ ಕಿಟಕಿ ಪಕ್ಕವೇ ಇರಬೇಕು, ಇಲ್ಲದಿದ್ದರೆ ಗಿರಾಕಿಗಳು ಜಗಳ ಆಡುತ್ತಾರೆ! ಕಾರಿಡಾರಿನ ಉದ್ದಕ್ಕೂ ಮೇಲೊಂದು ಸರಳು. "ಯಾಕ್ರಿ ಕಾಕಾ?" ಅಂದರೆ, "ಮತ್ತ ಹಿಡಕೊಳ್ಳಾಕ ಏನು ಮಾಡ್ತಾರ?" ರೂಮು ಖಾಲಿ ಮಾಡುವ ಹೊತ್ತಿಗೆ ಫೋನಿನ ಬದಲು ಪೀಪಿ. ನಕ್ಷೆಯನ್ನೆಲ್ಲ ನೋಡಿ ಮುಗಿಸಿದ ಮೇಲೆ ಗಂಭೀರವಾಗಿ ಕೇಳಿದರು, "ಎಲ್ಲಾ ಖರೇ. ಡ್ರೈವರ್ ಎಲ್ಲಿ ಕುಂದ್ರತಾನ?"

ಮ್ಯಾನೇಜರಿನ ರೂಮು ತೋರಿಸಿ ಬಚಾವಾದೆ.

ಇವನ್ನೆಲ್ಲ ನಗುತ್ತ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದು ಬೇಡಿಕೆ ಮಾತ್ರ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ರಸ್ತೆಗೆ ಹತ್ತಿದ ಮುಂಭಾಗವನ್ನೆಲ್ಲ ಖಾಲಿ ಬಿಡಬೇಕಂತೆ! ಅಲ್ಲಿ ನಾನು ನಾಲ್ಕು ಅಂಗಡಿ ಇಟ್ಟಿದ್ದೆ. ಇಡೀ ಕಾಂಪ್ಲೆಕ್ಸಿನಲ್ಲಿ ಬಾಡಿಗೆ ಬರುವ ಬಂಗಾರದಂಥ ಜಾಗವೇ ಅದು. ಯಾಕೆ ಖಾಲಿ ಬಿಡಬೇಕು ಅಂದರೆ ಕಾಕಾ ದಿನಕ್ಕೊಂದು ಕಾರಣ ಹೇಳುತ್ತಿದ್ದರು. ಒಮ್ಮೆ "ಗಾಳಿ ಬರ್ಲಿ" ಅಂದರು. ಇನ್ನೊಮ್ಮೆ "ಬೇವಿನ ಗಿಡಾ ಕಡಿಬ್ಯಾಡ" ಅಂದರು. ಮತ್ತೊಮ್ಮೆ, "ನೀ ಕಟ್ಟಿದ್ದು ಕಳಚಿ ಬಿದ್ರ ಯಾರ ತಲಿ ಮ್ಯಾಲೂ ಬೀಳಬಾರದು, ಅದಕ್ಕ" ಅಂದರು. ಈ ಕೊನೆಯ ಕಾರಣ ಮನೆಯವರಿಗೆಲ್ಲ ಹಿಡಿಸಿತು.

ಅಪ್ಪನಿಗೆ ಮಾತ್ರ ಹಿಡಿಸಲಿಲ್ಲ. ನನ್ನನ್ನು ಕರೆದು ಕಡ್ಡಿ ಮುರಿದಂತೆ ಹೇಳಿದರು. "ನೋಡು, ಮುಂದಿನ ಅಂಗಡಿ ಇಲ್ಲದ ಈ ಕಟ್ಟಡ ನಡಿಯಂಗಿಲ್ಲ. ನಿಮ್ಮ ಕಾಕಾನ್ನ ಒಪ್ಪಿಸಿ ಸಹಿ ತಗೊಂಡ ಬಂದ್ರ ಕೆಲಸ ನಿಂದು. ಇಲ್ಲಂದ್ರ ವಿಜಯಪುರದ ಇಂಜಿನಿಯರನ್ನ ಕರಸ್ತೇನಿ. ಅವ ಹಿರೇ ಮನಷ್ಯಾ, ಅವನ ಮಾತು ನಿಮ್ಮ ಕಾಕಾ ಕೇಳ್ತಾನ."

ನನ್ನ ಮೊದಲ ಕಟ್ಟಡ! ಸಂಡಾಸನ್ನು ಬಿಟ್ಟರೆ ಮೊದಲನೆಯದು! ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದೇ? ಹೇಗಾದರೂ ಕಾಕಾನನ್ನು ಒಲಿಸಿಕೊಳ್ಳಲೇಬೇಕೆಂದು ಹೊರಟೆ. ಕಾಕಾ ಕೂಡಲೇ ಒಂದು ಶರತ್ತು ಹಾಕಿದರು. "ಮೊದಲ ನಾಲ್ಕ ಲಾಡ್ಜ್ ನೋಡಿ ಬರೂಣು ನಡಿ."

ಸರಿ, ಇಂಡಿಗೆ ಬಸ್ಸು ಹತ್ತಿದೆವು. ಸೀಟು ಖಾಲಿ ಇದ್ದರೂ ಕಾಕಾ ನಿಂತೇ ಬಂದರು. ಆ ಬಸ್ಸಿನ ಕಂಡಕ್ಟರ್ ಎಳೆಯ ಹುಡುಗಿ. ಆಕೆಗೆ ಪ್ರತಿ ಊರಿನಲ್ಲೂ ಸಲಹೆ ಕೊಡುತ್ತ ಬಂದ ಕಾಕಾ, ಕೊನೆಗೆ ಒಂದು ಸ್ಟಾಪಿನಲ್ಲಿ ಆಕೆಗಿಂತ ಮೊದಲೇ ಪೀಪಿ ಊದಿಬಿಟ್ಟರು. ಬಸ್ಸು ಹೊರಟಿತು. ಆಕೆ ಕೆಳಗೇ ಉಳಿದಿದ್ದಳು! ತುಸು ದೂರ ಹೋದ ಮೇಲೆ ಬಸ್ಸು ನಿಲ್ಲಿಸಿ, ಓಡೋಡಿ ಬಂದ ಆಕೆಯನ್ನು ಹತ್ತಿಸಿಕೊಂಡಾಗ ಕಾಕಾ ಕಿಟಕಿಯಾಚೆ ಜೋಳದ ಹೊಲ ನೋಡುತ್ತಿದ್ದರು. ಅಷ್ಟು ಆಸಕ್ತಿಯಿಂದ ಜೋಳವನ್ನು ಯಾವ ರೈತನೂ ನೋಡಿರಲಿಕ್ಕಿಲ್ಲ.

ಇಂಡಿಯ ಲಾಡ್ಜಿನ ಕೌಂಟರಿನಲ್ಲಿ ಮ್ಯಾನೇಜರ್ ಕನ್ನಡಕದ ಮೇಲಿನಿಂದ ನೋಡಿದ. "ಎಷ್ಟ ಖೋಲಿ ಬೇಕ್ರಿ?"

"ಖೋಲಿ ಏನೂ ಬ್ಯಾಡ" ಅಂದರು ಕಾಕಾ. "ಇವ ಒಂದೀಟ ಮಲಗ್ತಾನ. ನಾ ನಿಂತು ನೋಡ್ತೇನಿ."

ಮ್ಯಾನೇಜರ್ ಒಮ್ಮೆ ನನ್ನನ್ನು ನೋಡಿದ. ಒಮ್ಮೆ ಕಾಕಾನನ್ನು ನೋಡಿದ. "ಇದು ಮರ್ಯಾದಸ್ಥರ ಲಾಡ್ಜ್ ಐತ್ರಿ ಯಜಮಾನ್ರ!"

ನಾನು ಆರ್ಕಿಟೆಕ್ಟ್, ಅಳತೆ ನೋಡಲು ಬಂದದ್ದು ಅಂತ ವಿವರಿಸಲು ಹೋಗಿ ಚೀಲದಿಂದ ಟೇಪು ತೆಗೆದೆ. ಅವನು ನಮ್ಮನ್ನು ತೆರಿಗೆಯವರು ಅಂದುಕೊಂಡು ತಕ್ಷಣ ಚಹಾ ತರಿಸಿದ. ಆಮೇಲೆ ಎಲ್ಲ ರೂಮೂ ತೆರೆಸಿದ. ನಾನು ಒಂದೊಂದು ಹಾಸಿಗೆಯ ಮೇಲೂ ಹೊರಳಾಡಿದೆ. ಕಾಕಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, "ಹೆಂಗೈತಿ?" ನಾನು "ಚಲೋ ಐತ್ರಿ" ಅನ್ನುತ್ತಿದ್ದೆ. ಸಿಂದಗಿಯ ಲಾಡ್ಜಿನಲ್ಲಿ ಹೀಗೆಯೇ ಅಭ್ಯಾಸ ಮಾಡುತ್ತ ನನಗೆ ಖರೇನೇ ನಿದ್ದೆ ಹತ್ತಿಬಿಟ್ಟಿತು. ಎದ್ದಾಗ ಕಾಕಾ ಹಾಗೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. "ಈ ಹಾಸಗಿ ಪಾಸ್" ಅಂದರು.

ವಾಪಸು ಬಂದ ಮೇಲೆ ನನಗೊಂದು ಭಯಂಕರ ಐಡಿಯಾ ಹೊಳೆಯಿತು. ಕಾಗದದ ಮೇಲಿನ ನಕ್ಷೆ ಕಾಕಾಗೆ ಅರ್ಥವಾಗದಿದ್ದರೆ ಅದನ್ನು ನೆಲದ ಮೇಲೇ ಬರೆಯೋಣ! ನಿಜವಾದ ಅಳತೆಯಲ್ಲಿ, ಸುಣ್ಣದ ಪುಡಿಯಲ್ಲಿ! ಮುಂದಿನ ಅಂಗಡಿಗಳಲ್ಲಿ ಓಡಾಡಿದರೆ ಅವರೇ ಮನಸೋತು ಸಹಿ ಹಾಕುತ್ತಾರೆ ಅಂತ ನನ್ನ ಲೆಕ್ಕ. ಕಾಕಾ ಕೇಳಿದ್ದೇ ಕುಣಿದಾಡಿದರು. "ಟ್ರಾಯಲ್ ರನ್ ಮಾಡೂಣು! ಗಿರಾಕಿ ಬೇಕು, ವಕೀಲರು ಬೇಕು, ಎಲ್ಲಾರೂ ಬೇಕು. ಸಂತಿ ದಿನಾನ ಇಟ್ಟಬಿಡು."

ಹಾಗೆ ಸಂತೆಯ ದಿನ ಬೆಳಿಗ್ಗೆ ಬೇವಿನ ಮರದ ಸುತ್ತ ನಮ್ಮ ಕಾಂಪ್ಲೆಕ್ಸು ಬೆಳ್ಳಗೆ ಎದ್ದು, ಅಲ್ಲ, ಬಿದ್ದು ನಿಂತಿತು. ಅಪ್ಪ ಮುಂದಿನ ಅಂಗಡಿಯ ಗೆರೆಯೊಳಗೆ ಕುರ್ಚಿ ಹಾಕಿಕೊಂಡು ಮಾಲೀಕರಾದರು. ಕೆಳಗೆ ಆಫೀಸು ಬೇಕೆಂದಿದ್ದ ವಕೀಲ ಸಾಹೇಬರು ಮೇಜು ಸಮೇತ ಬಂದು ತಮ್ಮ ಗೆರೆಯೊಳಗೆ ಕೂತರು. ಕಾಕು ತನ್ನ ತವರಿನ ಟ್ರಂಕು ಹಿಡಿದು ಲಾಡ್ಜಿನ ಗಿರಾಕಿಯಾದಳು. ಕಾಕಾ ಪೀಪಿ ಊದಿದರು. ಕಾಂಪ್ಲೆಕ್ಸು ಹೊರಟಿತು!

ಮೊದಲ ತೊಂದರೆ ಗೋಡೆಗಳದು. ಇಲ್ಲದ ಗೋಡೆಗಳನ್ನು ಜನ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅಪ್ಪ ನೀರು ಕುಡಿಯಲು ಎದ್ದು ನೇರ ವಕೀಲರ ಆಫೀಸಿನೊಳಗೆ ನಡೆದರು.

"ಅಣ್ಣಾ, ಗ್ವಾಡಿ! ಗ್ವಾಡಿ ಐತಿ ಅಲ್ಲಿ!" ಕಾಕಾ ಕೂಗಿದರು. "ಬಾಗಲದಾಗಿಂದ ಬಾ!"

ಅಪ್ಪ ಬೈಯುತ್ತ ಹಿಂದೆ ಹೋಗಿ ಬಾಗಿಲ ಗೆರೆಯಿಂದ ಬಂದರು. ಅಷ್ಟರಲ್ಲಿ ಒಂದು ಆಡು ಮೂರು ಗೋಡೆ ದಾಟಿ ಬಂದು ವಕೀಲರ ಕಾಗದ ಮೂಸತೊಡಗಿತು. ಕಾಕಾ ಅದನ್ನೂ ಹಿಡಿದು ಹಿಂದಿನ ಬಾಗಿಲಿಗೆ ಒಯ್ದು ಅಲ್ಲಿಂದ ಒಳಗೆ ಬಿಟ್ಟರು. ನಿಯಮ ಎಲ್ಲರಿಗೂ ಒಂದೇ!

ಎರಡನೆಯ ತೊಂದರೆ ನನ್ನದು. ಕಾಕು ಹಿಂದಿನ ಬಾಗಿಲಿನಿಂದ ಹತ್ತಿ, ಟ್ರಂಕು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ನನ್ನ ಖೋಲಿ ಎಲ್ಲೈತೋ?"

"ಮ್ಯಾಲೆ ಐತ್ರಿ ಕಾಕು."

"ಪಾವಟಿಗಿ ಎಲ್ಲದಾವು?"

ಮೆಟ್ಟಿಲು ತೋರಿಸಲು ನಕ್ಷೆ ಬಿಡಿಸಿದೆ. ಕೆಳಗಿನ ನಕ್ಷೆಯಲ್ಲಿ ಮೆಟ್ಟಿಲು ಬಲಕ್ಕಿತ್ತು. ಮೇಲಿನ ಮಹಡಿಯ ನಕ್ಷೆಯಲ್ಲಿ ಎಡಕ್ಕಿತ್ತು! ಎರಡನ್ನೂ ನಾನೇ ಬರೆದದ್ದು. ಅಂದರೆ ಕೆಳಗಿನಿಂದ ಹತ್ತಿದವರು ನೇರ ಮೇಲಿನ ಸಂಡಾಸಿನೊಳಗೆ ತಲೆ ಹಾಕುತ್ತಿದ್ದರು. ಮೇಲಿನಿಂದ ಇಳಿದವರು...

ವಕೀಲರು ತಾವು ಕೂತ ಗೆರೆಯನ್ನೂ ನಕ್ಷೆಯ ಮೇಲಿದ್ದ ನನ್ನ ಬೆರಳನ್ನೂ ನೋಡಿ ವಿಷಯ ಹಿಡಿದರು. "ಅಂದ್ರ ಮ್ಯಾಲಿನ ಗಿರಾಕಿ ಇಳದ್ರ ನನ್ನ ಟೇಬಲ್ ಮ್ಯಾಲೆ ಇಳೀತಾನೇನು?"

"ನಿಮಗೂ ಗಿರಾಕಿ ಬೇಕಲ್ರಿ ಸಾಹೇಬ್ರ" ಅಂದೆ.

ಅಪ್ಪ ಕಿಸೆಯಿಂದ ಮೊಬೈಲು ತೆಗೆದು ವಿಜಯಪುರದ ಇಂಜಿನಿಯರಿನ ನಂಬರು ಹುಡುಕತೊಡಗಿದರು.

ಆಗಲೇ ಮುಂದಿನ ಅಂಗಡಿಯೊಳಗೆ ಜನ ನುಗ್ಗಿದರು.

ಸಂತೆ ಮುಗಿಸಿ ಬಂದ ಹೆಂಗಸರು, ಖಾಲಿ ಬುಟ್ಟಿ, ತುಂಬಿದ ಚೀಲ, ಬಗಲಲ್ಲಿ ಕೂಸು. ಮುದ್ದೇಬಿಹಾಳದ ಬಸ್ಸಿಗೆ ಕಾಯುವವರು. ಪ್ರತಿ ಸಂತೆಗೂ ಅವರು ಅಗಸಿ ಸ್ಟಾಪಿನ ಬಿಸಿಲಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಲ್ಲುತ್ತಿದ್ದರು. ಇನ್ನೊಬ್ಬರ ಜಾಗ ಅಂತ ಒಳಗೆ ಕಾಲಿಡುತ್ತಿರಲಿಲ್ಲ. ಇವತ್ತು ಬೇವಿನ ನೆರಳಲ್ಲಿ ನಮ್ಮ ಜಾತ್ರೆ ನೋಡಿ, ಏನೋ ಕಾರ್ಯಕ್ರಮ ಇರಬೇಕೆಂದು ಬಂದು ಅಪ್ಪನ ಅಂಗಡಿಗಳ ತುಂಬ ಕೂತುಬಿಟ್ಟರು.

"ಯವ್ವಾ, ಅದು ಅಂಗಡಿ!" ಅಂದರು ಅಪ್ಪ.

ಒಬ್ಬ ಹೆಂಗಸು ಆಚೀಚೆ ನೋಡಿದಳು. "ಎಲ್ಲೈತ್ರಿ ಯಪ್ಪಾ ಅಂಗಡಿ? ಇದ್ರ ಒಂದ ಕಪ್ ಚಾ ಕೊಡ್ರಲಾ."

ಉಳಿದವರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ಏಳಿ ಅನ್ನಲು ಕೈ ಎತ್ತಿದ್ದೇ ತಡ, ಪೀಪಿ ಕೇಳಿತು. ಅಗಸಿಯ ಕಲ್ಲು ಕೂಡ ಬೆಚ್ಚಬೇಕು, ಅಂಥ ಪೀಪಿ.

"ಹೋಲ್ಡಾನ್! ಯಾರೂ ಏಳಬ್ಯಾಡ್ರಿ!" ಕಾಕಾನ ದನಿ ಒಮ್ಮೆಲೇ ಇಳಿಯಿತು. "ಅಣ್ಣಾ, ಇವರನ್ನ ನಾ ಬಸ್ಸಿನ್ಯಾಗಿಂದ ಪ್ರತಿ ಸಂತಿಗೂ ನೋಡೀನಿ. ಇದ ಬಿಸಲಾಗ ನಿಂತಿರ್ತಿದ್ರು. ಹತ್ತಿದ ಮ್ಯಾಲೂ ಸೀಟ ಸಿಗತಿದ್ದಿಲ್ಲ, ಅಲ್ಲೂ ನಿಲ್ಲೂದ. ಇವತ್ತ ಕುಂತಾರ. ಏಳಂತ ನಾ ಹೆಂಗ ಅನ್ಲಿ?"

ಗಾಳಿಯೂ ಅಲ್ಲ, ಬೇವಿನ ಗಿಡವೂ ಅಲ್ಲ, ನನ್ನ ಕಟ್ಟಡ ಕಳಚಿ ಬೀಳುವ ಭಯವೂ ಅಲ್ಲ! ಖಾಲಿ ಬಿಡಬೇಕಾದ ಕಾರಣ ಇದು. ಇಷ್ಟು ದಿನ ಹೇಳಲು ನಾಚಿಕೆ ಪಟ್ಟುಕೊಂಡಿದ್ದರು ನಮ್ಮ ಕಾಕಾ, ಮದುಮಗನನ್ನೇ ಸ್ಟೇಜಿನಿಂದ ಇಳಿಸಿದ ಕಾಕಾ!

ಕಾಕು ಟ್ರಂಕಿನ ಮೇಲೆ ಕೂತು ನನ್ನ ಕೈ ಹಿಡಿದು ಎಳೆದಳು. ಮೆಲ್ಲಗೆ ಅಂದಳು, "ಬಸ್ಸಿನ್ಯಾಗ ಕಂಡಕ್ಟರ್ ಸೀಟಂತ ಒಂದಿರ್ತೈತಿ ನೋಡು. ನಿಮ್ಮ ಕಾಕಾ ಅದರ ಮ್ಯಾಲೆ ಒಂದ ದಿನಾನೂ ಕುಂತಿಲ್ಲ. ಮನಿಗೆ ಬಂದಾಗ ಕಾಲ ಬಾತ ಕಂಬ ಆಗಿರ್ತಿದ್ದವು. ಬಿಸಿನೀರ ಹಾಕ್ತ ನಾ ಕೇಳ್ತಿದ್ದೆ, ಇವತ್ತ ಯಾರಿಗೆ ಕೊಟ್ರಿ ಅಂತ. ಬಸುರಿ ಹೆಣ್ಮಗಳು ಅಂತಿದ್ರು, ಮುದುಕಿ ಅಂತಿದ್ರು. ಒಮ್ಮೆ ಕಾಲ ಮುರದ ಕುರಿಮರಿಗೆ ಕೊಟ್ಟ ಬಂದಿದ್ರು!"

ನಗು ಬಂತು.

ನಾನು ಸುಣ್ಣದ ಡಬ್ಬಿ ಎತ್ತಿಕೊಂಡೆ. ಮುಂದಿನ ನಾಲ್ಕೂ ಅಂಗಡಿಗಳನ್ನು ಚಪ್ಪಲಿಯಿಂದ ಒರೆಸಿ ಹಾಕಿದೆ. ಕಟ್ಟಡದ ಮುಂಭಾಗದ ಉದ್ದಕ್ಕೂ ಒಂದು ಅಗಲವಾದ ಕಟ್ಟೆ ಬರೆದೆ, ಬೇವಿನ ಮರವನ್ನು ಒಳಗೆ ಸೇರಿಸಿಕೊಂಡು. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಕೂತ ಹೆಂಗಸರನ್ನು ನೋಡಿದರು. ತಮ್ಮನನ್ನು ನೋಡಿದರು, ಆಮೇಲೆ ತಮ್ಮನ ಕಾಲುಗಳನ್ನು. ಮೊಬೈಲು ಕಿಸೆಗೆ ಹೋಯಿತು. ಕುರ್ಚಿ ಎತ್ತಿಕೊಂಡು ಹಿಂದೆ ಸರಿದರು, ಬಾಗಿಲಿನಿಂದಲೇ! "ಪಾವಟಿಗಿ ಮೊದಲ ಸರಿಯಾಗಿ ಬರಿ ಮಗನ" ಅಂದರು. ಅದು ಒಪ್ಪಿಗೆ ಅಂತ ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು.

ಕೊನೆಯದಾಗಿ, ಇಳಿಯುವ ಬಾಗಿಲಿನ ಪಕ್ಕ, ಒಬ್ಬರೇ ಕೂರುವಷ್ಟು ಒಂದು ಸಣ್ಣ ಚೌಕ ಬರೆದೆ.

"ಇದೇನಲೇ?" ಕಾಕಾ ಬಗ್ಗಿ ನೋಡಿದರು.

"ಕಂಡಕ್ಟರ್ ಸೀಟ್ ಐತ್ರಿ ಕಾಕಾ."

ಅವರು ಪೀಪಿ ಹಿಡಿದುಕೊಂಡರು, ಬಿಟ್ಟರು. ಆಮೇಲೆ ಮೊಣಕಾಲಿನ ಮೇಲೆ ಕೈ ಊರಿ, ನಿಧಾನಕ್ಕೆ, ಗೆರೆ ಅಳಿಯದ ಹಾಗೆ ಆ ಚೌಕದಲ್ಲಿ ಕೂತರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವರ ನೆತ್ತಿಯನ್ನು ನೋಡಿದ್ದು ಅವತ್ತೇ ಮೊದಲು. ಅಲ್ಲಿ ಕೂದಲು ತೆಳ್ಳಗಾಗಿತ್ತು.

ಕೂತದ್ದು ಎಷ್ಟು ಹೊತ್ತು ಅಂತೀರಿ? ಒಬ್ಬ ಅಜ್ಜಿ ಕೋಲೂರಿಕೊಂಡು ಬರುವಷ್ಟು ಹೊತ್ತು. ಅಜ್ಜಿ ಇನ್ನೂ ರಸ್ತೆಯಲ್ಲಿರುವಾಗಲೇ ಕಾಕಾ ಎದ್ದಾಗಿತ್ತು. "ಬಾ ಯವ್ವಾ, ಇಲ್ಲಿ ಕುಂದ್ರ ಬಾ." ಅಜ್ಜಿ ಕೂತಳು. ಕಾಕಾ ಕಾಲು ಅಗಲಿಸಿ, ಬೇವಿನ ಮರಕ್ಕೆ ಬೆನ್ನು ಕೊಟ್ಟು, ಮತ್ತೆ ನಿಂತರು.

ನಾನು ಡಬ್ಬಿಯಲ್ಲಿ ಉಳಿದಿದ್ದ ಸುಣ್ಣವನ್ನೆಲ್ಲ ಸುರಿದು ಆ ಚೌಕವನ್ನು ಇನ್ನೊಬ್ಬರಿಗಾಗುವಷ್ಟು ಉದ್ದ ಮಾಡಿದೆ.

"ಮುಂದ ಸರೀರಿ ಕಾಕಾ" ಅಂದೆ. "ಜಾಗಾ ಐತಿ."